ಮಲಕಾರಿಯ ಮಬ್ಬು ಗಾಜು

ಮಲಕಾರಿ ಸದಲಗಾದ ಧನಗರ ಮನೆಯವನು. ಅಪ್ಪ ಕುರಿ ಕಾಯುತ್ತಲೇ ಸತ್ತ, ಅಣ್ಣಂದಿರು ಕುರಿ ಕಾಯುತ್ತಲೇ ಬದುಕಿದ್ದರು, ಇವನೊಬ್ಬ ಕೋಲು ಬಿಸಾಕಿ ಸ್ಟೇರಿಂಗ್ ಹಿಡಿದ. ಗಾಡಿ ಅವನದಲ್ಲ, ಅದೇ ಊರಿನ ದಾದಾಸಾಹೇಬರ ಬಾಡಿಗೆ ಅಂಬಾಸಿಡರ್. ಎಂಬತ್ತರ ದಶಕದ ಕೊನೆಗೆ ನಿಪ್ಪಾಣಿಯ ಬೀಡಿ ಹೆಂಗಸರ ಸಭೆ ಇರಲಿ, ರಾಯಬಾಗದ ಮೆರವಣಿಗೆ ಇರಲಿ, ನಮ್ಮ ಸಂಘಟನೆಯವರು ತುಂಬಿಕೊಂಡು ಹೋಗುತ್ತಿದ್ದದ್ದು ಆ ಕಾರಿನಲ್ಲೇ. ಟಪ್ಪಿನ ಮೇಲೆ ಮೈಕಿನ ಭೋಂಗಾ ಕಟ್ಟಿ ನಾವು ಗಂಟಲು ಹರಿದುಕೊಳ್ಳುತ್ತಿದ್ದರೆ ಮಲಕಾರಿ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ ಗಾಜು ಒರೆಸುತ್ತಿದ್ದ. ಧಿಕ್ಕಾರ ಕೂಗೋ ಎಂದರೆ, "ಅದು ನಿಮ್ಮ ಕೆಲಸ್ರಿ. ಲಾಠಿ ಬಿದ್ರ ಗಾಡಿ ಚಾಲೂ ಮಾಡೂದು ನನ್ನ ಕೆಲಸ" ಎನ್ನುತ್ತಿದ್ದ. ಆ ಕೆಲಸವನ್ನು ಎರಡು ಸಲ ಮಾಡಿಯೂ ತೋರಿಸಿದ್ದ.

ಗಾಜು ಒರೆಸುವುದರಲ್ಲಿ ಅವನದೊಂದು ಪದ್ಧತಿ ಇತ್ತು. ಮೊದಲು ನೀರು, ಆಮೇಲೆ ಹಳೇ ಧೋತರದ ಅರಿವೆ, ಕಡೆಗೆ ಒಂದು ಕೈ ಕಂಬಳಿ. ಅಪ್ಪನ ಕರಿ ಕಂಬಳಿಯಿಂದ ಹರಿದ ಅಂಗೈಯಗಲದ ತುಂಡು ಸೀಟಿನ ಕೆಳಗೆ ಇರುತ್ತಿತ್ತು. ಕಂಬಳಿಗೆ ಮೈಲಿಗೆ ಇಲ್ಲ ಎನ್ನುವುದು ಧನಗರರ ಮಾತು. ಹೆಣ ಮುಟ್ಟಿದರೂ ಇಲ್ಲ, ಹೆರಿಗೆ ಮನೆ ಹೊಕ್ಕರೂ ಇಲ್ಲ. ದೇವರನ್ನು ಕೂರಿಸುವುದೇ ಅದರ ಮೇಲೆ. ಹಾಗಾಗಿ ಅದನ್ನು ಯಾರೂ ಸಾಬೂನು ಹಾಕಿ ತೊಳೆಯುವುದಿಲ್ಲ. ಮೈಲಿಗೆ ಆಗದ್ದನ್ನು ತೊಳೆಯುವುದೇನು? ದಿನದ ಕೊನೆಯ ಕೈ ಅದರದಾದರೆ ಗಾಡಿಗೆ ಕೆಡುಕಿಲ್ಲ ಎಂದು ಮಲಕಾರಿ ನಂಬಿದ್ದ.

ಒಂದು ಸಂಜೆ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೊರಟಿದ್ದೆವು. ಹೊತ್ತು ಎದುರಿಗೇ ಇಳಿಯುತ್ತಿತ್ತು. ಬಿಸಿಲು ಗಾಜಿಗೆ ಬಡಿದದ್ದೇ ತಡ, ಮುಂದೆ ರಸ್ತೆಯೇ ಇಲ್ಲ, ಬರೀ ಬೆಳ್ಳಗೆ ಮಜ್ಜಿಗೆ ಚೆಲ್ಲಿದಂತೆ. ಮಲಕಾರಿ ಕಣ್ಣು ಕಿರಿದು ಮಾಡಿದ, ಗಾಜಿನ ಹತ್ತಿರ ಮೂಗು ಒಯ್ದ, ಆಮೇಲೆ ಒಮ್ಮೆಲೇ ಬ್ರೇಕ್ ಒತ್ತಿದ. ನಾನು ಹಿಂದಿನ ಸೀಟಿನಿಂದ ಮುಂದಿನದಕ್ಕೆ ಬಂದು ಬಿದ್ದೆ. ಇಳಿದು ನೋಡಿದರೆ ರಸ್ತೆ ತುಂಬ ಕುರಿ. ಒಂದು ಟಗರು ಬಂಪರಿಗೆ ಕೊಂಬು ಹಚ್ಚಿ ನಿಂತಿತ್ತು.

ಕುರಿಗಳ ಒಡೆಯ ಮಾಳಸಿದ್ದ ಕೋಲೆತ್ತಿಕೊಂಡು ಬಂದ. ಒಳಗೆ ಕೂತವನ ಮುಖ ನೋಡಿದ ಮೇಲೆ ಅವನ ಸಿಟ್ಟು ಇಮ್ಮಡಿಯಾಯಿತು.

"ಲೇ ಮಲಕಾರ್ಯಾ, ನೀನೇನಲೇ! ಧನಗರ ಹೊಟ್ಟ್ಯಾಗ ಹುಟ್ಟಿ ಕುರಿ ಕಾಣಲಿಲ್ಲಂದ್ರ ಮತ್ತೇನ ಕಾಣತೈತೋ ನಿನಗ?"

"ಕಾಚ ಮಬ್ಬಾಗೈತಪಾ" ಎಂದು ಮಲಕಾರಿ ಮುಂದಿನ ಗಾಜು ತೋರಿಸಿದ.

"ಕಾಚಲ್ಲ, ಕಣ್ಣ ಮಬ್ಬಾಗ್ಯಾವ. ನಿಮ್ಮಪ್ಪ ಗುಡ್ಡದಾಚಿ ಮರಿ ಗುರ್ತ ಹಿಡಿತಿದ್ದ. ಮಗಾ ಮೂಗಿನ ಮುಂದಿನ ಟಗರ ಕಾಣವಲ್ಲ."

ಮಾಳಸಿದ್ದನ ಬಾಯಿ ಆ ಕಾರಿಗಿಂತ ಜೋರಾಗಿ ಓಡುವಂಥದು. ಮರುದಿನ ಮುಂಜಾನೆಯೇ ಸುದ್ದಿ ದಾದಾಸಾಹೇಬರ ಕಟ್ಟೆ ಮುಟ್ಟಿತ್ತು. ಅವರು ಶೆಡ್ಡಿಗೆ ಬಂದು ನೆರಳಿನಲ್ಲಿ ನಿಂತ ಕಾರಿನೊಳಗೆ ಕೂತು ಗಾಜು ನೋಡಿದರು. ಎದುರಿನ ಗೋಡೆಯ ಮೇಲಿನ ಹಲ್ಲಿಯೂ ಕಂಡಿತು.

"ಕಾಚ ಕನ್ನಡಿ ಆದಂಗ ಐತೆಲೇ. ಕಣ್ಣ ಹೋಗ್ಯಾವ ನಿನ್ನವು."

"ಇಲ್ರಿ ಮಾಲಕ್ರ. ಇಲ್ಲಿ ಛಲೋ ಇರತೈತ್ರಿ, ಬಿಸಲಿಗೆ ಹೋದ್ರ ಮಬ್ಬಾಗತೈತಿ."

"ಕಾಚಿಗೆ ಏನ ಬಿಸಲ ಬಡಿತೈತೇನ? ಶನಿವಾರ ಸಂಜಿಕ ನಾನ ಬರ್ತೀನಿ ನಿಪ್ಪಾಣಿಗೆ. ಹೊತ್ತ ಮುಳಗೂ ಟೈಮಿನಾಗ, ಎದುರಾಬಿದುರ. ತಡವರಿಸಿದಿ ಅಂದ್ರ ಚಾವಿ ಅಲ್ಲೇ ನನ್ನ ಕೈಯಾಗ ಇಡಬೇಕ. ಆಮ್ಯಾಲ ಕೋಲ ಹಿಡಿ, ನಿಮ್ಮ ಅಣ್ಣಗೋಳ ಹಿಂದ ಹೋಗು."

ಮಲಕಾರಿಗೆ ಕುರಿ ಹಿಂದೆ ಹೋಗುವುದೆಂದರೆ ಸಾಯುವುದೇ. ಕೀಳು ಕೆಲಸ ಎಂದಲ್ಲ. ಸ್ಟೇರಿಂಗ್ ಹಿಡಿದ ದಿನ ಅಣ್ಣಂದಿರ ಎದುರು ಅವನು ಆಡಬಾರದ ಮಾತೆಲ್ಲ ಆಡಿ ಬಂದಿದ್ದ, ಅದಕ್ಕೆ.

ಅವನು ದೂಧಗಂಗಾ ದಂಡೆಗೆ ಹೋಗಿ ನಿಂತ. ಆಚೆ ದಂಡೆಯಲ್ಲಿ ಎಮ್ಮೆ ಕಂಡಿತು, ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ ಕಂಡಿತು, ಬೆಳ್ಳಕ್ಕಿಯ ಕೊಕ್ಕೂ ಕಂಡಿತು. ಎಡಗಣ್ಣು ಮುಚ್ಚಿದ, ಬಲಗಣ್ಣು ಮುಚ್ಚಿದ. ಎರಡೂ ಕಣ್ಣು ಸರಿಯಾಗೇ ಇದ್ದವು. ಬಂದು ಕಾರಿನಲ್ಲಿ ಕೂತು ಬಿಸಿಲಿಗೆ ತಿರುಗಿಸಿದ, ಮತ್ತೆ ಮಜ್ಜಿಗೆ. ನನ್ನ ಮುಂದೆ ಬಂದು ಕೇಳಿದ:

"ನಡಕೋತ ಹೋದ್ರ ಎಲ್ಲಾ ಕಾಣತೈತ್ರಿ. ಗಾಡಿ ಹತ್ತಿದ್ರ ಕಾಣಂಗಿಲ್ಲ. ಇದು ಕಣ್ಣಿನ ಬ್ಯಾನಿ ಅನ್ಬೇಕೋ, ಗಾಡಿ ಬ್ಯಾನಿ ಅನ್ಬೇಕೋ?"

ನನಗೇನು ಗೊತ್ತು? ಸರ್ಕಾರದ ಬ್ಯಾನಿಯಾದರೆ ಹೇಳಬಲ್ಲೆ. ಗ್ಯಾರೇಜಿನ ಭೀಮಗೊಂಡನ ಹತ್ತಿರ ಕಳಿಸಿದೆ.

ಭೀಮಗೊಂಡ ಚಿಮಣಿ ಎಣ್ಣೆ ಹಚ್ಚಿ ಹಳೇ ಪೇಪರಿನಿಂದ ತಿಕ್ಕು ಎಂದ. ತಿಕ್ಕಿದ. ಪಳಪಳ ಹೊಳೆಯಿತು. ಖುಷಿಯಿಂದ ಕಂಬಳಿಯ ಒಂದು ಕೈ ಕೊಟ್ಟು ಬಿಸಿಲಿಗೆ ಒಯ್ದ, ಮಬ್ಬು. ತಂಬಾಕು ಗೋದಾಮಿನ ಹಮಾಲರು, ಮಳೆಯಲ್ಲಿ ಲಾರಿಯವರು ತಂಬಾಕು ತಿಕ್ಕಿ ಗಾಜು ನೀರು ಹಿಡಿಯದಂತೆ ಮಾಡುತ್ತಾರೆ, ನೀನೂ ತಿಕ್ಕು ಎಂದರು. ತಿಕ್ಕಿದ. ಕಂದು ನೀರು ಇಳಿಯಿತು. ತೊಳೆದ, ಒರೆಸಿದ, ಕಂಬಳಿ ಆಡಿಸಿದ, ಮಬ್ಬು. ನಿಂಬೆಹಣ್ಣು ಆಯಿತು, ಒಲೆ ಬೂದಿ ಆಯಿತು. ಗಾಜೇ ಮುದಿಯಾಗಿದೆ, ಬದಲಿಸು ಎಂದು ಭೀಮಗೊಂಡ ಕೈ ಚೆಲ್ಲಿದ. ಮಂಗಸೂಳಿಯ ಮಲ್ಲಯ್ಯನಿಗೆ ಹರಕೆ ಹೊತ್ತುಕೋ ಎಂದು ಮತ್ತೊಬ್ಬರು. ಹೊತ್ತುಕೊಂಡ. ಅವನ ತಲೆ ಗಾಜಿಗಿಂತ ಮಬ್ಬಾಗಿತ್ತು.

ಶನಿವಾರ ಮಧ್ಯಾಹ್ನ ಮನೆಯ ಮುಂದೆ ಕಾರು ನಿಲ್ಲಿಸಿ ಕಡೆಯ ಸಲ ತೊಳೆಯಲು ನಿಂತ. ಹೆಂಡತಿ ತಾರವ್ವ ಚಹಾ ಹಿಡಿದುಕೊಂಡು ಬಂದು ಬಿಸಿಲಿನಲ್ಲೇ ಬಾನೆಟ್ಟಿಗೆ ಒರಗಿದಳು. ಅವನು ಧೋತರದಿಂದ ಒರೆಸಿ ಮುಗಿಸಿದಾಗ ಗಾಜಿನಲ್ಲಿ ಅವಳ ಮುಖ, ಮೂಗಿನ ನತ್ತು, ಹಿಂದಿನ ಹಂಚಿನ ಮನೆ ಎಲ್ಲ ಚೊಕ್ಕವಾಗಿ ಮೂಡಿದ್ದವು. ಅವಳು ಸೆರಗು ಸರಿಮಾಡಿಕೊಂಡಳು. ಅವನು ಕಂಬಳಿ ತೆಗೆದು ಮೇಲಿನಿಂದ ಕೆಳಕ್ಕೆ ಒರೆಸಿದ.

"ಅಯ್ಯ! ಈಗ ಇದ್ನೆಲ್ರಿ ಇಲ್ಲಿ? ಎಲ್ಲಿ ಹೋದ್ನಿ?"

"ಏನ ಬೇ?"

"ನನ್ನ ಮಾರಿ. ನೀವು ಕಂಬಳಿ ಆಡಿಸಿದ್ರಿ, ಮಾರಿ ಹೋತು."

ಮಲಕಾರಿ ಅವಳ ಕಡೆ ನೋಡಿದ, ಗಾಜಿನ ಕಡೆ ನೋಡಿದ. ಮತ್ತೆ ಧೋತರದಿಂದ ತಿಕ್ಕಿದ, ನತ್ತು ಬಂತು. ಕಂಬಳಿ ಆಡಿಸಿದ, ನತ್ತು ಹೋಯಿತು. ಕಂಬಳಿಯನ್ನು ಮೂಗಿಗೆ ಹಿಡಿದ. ಕುರಿಯ ವಾಸನೆ, ಅಪ್ಪನ ವಾಸನೆ. ಬೆರಳಿನಿಂದ ಹೊಸಕಿದ. ಬೆರಳು ಮಿಣಮಿಣ ಎಂದಿತು.

"ಕುರಿ ಜಿಡ್ಡ ಅದು" ಎಂದಳು ತಾರವ್ವ. "ಕುರಿ ಉಣ್ಣೆ ಕತ್ತರಿಸಿದ ದಿನ ನಿಮ್ಮ ಅಣ್ಣಗೋಳ ಕೈಯಾಗ ತಂಬಗಿ ನಿಲ್ಲತೈತೇನ?"

"ಬಾಯಿ ಮುಚ್ಚ. ಕಂಬಳಿಗೆ ಮೈಲಿಗಿ ಇಲ್ಲ."

"ಮೈಲಿಗಿ ಐತಿ ಅಂತ ಯಾರಂದ್ರು? ಜಿಡ್ಡ ಐತಿ ಅಂದ್ನಿ."

ಎರಡೂ ಬೇರೆ ಎನ್ನುವುದು ಮಲಕಾರಿಯ ತಲೆಗೆ ಹೋಗಲಿಲ್ಲ. ಹೋಗುವುದು ಸುಲಭವೂ ಅಲ್ಲ. ಗಂಗಾಳದಲ್ಲಿ ಹುಳ ಈಜುತ್ತಿದ್ದರೂ ತೀರ್ಥ ಎಂದು ಕುಡಿಯುವ ನಾಡು ಇದು. ಒಲ್ಲದ ಮನಸ್ಸಿನಿಂದ ಮತ್ತೊಮ್ಮೆ ಗಾಜು ತೊಳೆದ. ಆದರೆ ಚಾವಿ ಹೋಗುವ ದಿನವೇ ಕಂಬಳಿಯ ಕೈ ಇಲ್ಲದೆ ಗಾಡಿ ಹೊರಡಿಸುವುದು ಹೇಗೆ? ಕಡೆಗೆ ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ.

ಸಂಜೆ ದಾದಾಸಾಹೇಬರು ಮುಂದೆ ಕೂತರು, ನಿಪ್ಪಾಣಿಯ ಸಭೆಗೆ ಹೊರಟಿದ್ದ ನಾನು ಹಿಂದೆ. ಚಿಕ್ಕೋಡಿ ದಾಟಿ ಹೊತ್ತು ಎದುರಿಗೆ ಬಂತು. ಮಲಕಾರಿ ಬೆನ್ನು ಸೆಟೆಸಿ, ತಡವರಿಸದೆ, ಎತ್ತಿನ ಗಾಡಿಯೊಂದನ್ನು ನುಣ್ಣಗೆ ಬಳಸಿಕೊಂಡು ಹೋದ. ಕೂಗು ಬಂದದ್ದು ಮಾಲಕರ ಕಡೆಯಿಂದ.

"ನಿಲ್ಲಸಲೇ! ರಸ್ತಾ ಎಲ್ಲೈತಿ? ಏನ ನೋಡಿ ಹೊಡಿಯಾಕತ್ತಿ?"

"ಐತಲ್ರಿ ರಸ್ತಾ. ಅಲ್ಲಿ ಸೈಕಲ್ ಬರಾಕತ್ತೈತಿ, ಹಿಂದ ಹುಲ್ಲಿನ ಹೊರಿ."

"ಯಾವ ಸೈಕಲ್ಲೋ?"

ಸೈಕಲ್ಲು ಗಂಟೆ ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಹಿಂದೆ ಹುಲ್ಲಿನ ಹೊರೆ. ದಾದಾಸಾಹೇಬರು ಎರಡೂ ಕಣ್ಣು ಉಜ್ಜಿಕೊಂಡರು.

"ನನ್ನವ ಹೋಗ್ಯಾವೇನೋ..."

"ಇತ್ತಾಗ ಸರೀರಿ ಮಾಲಕ್ರ."

ಅಂಬಾಸಿಡರಿನ ಮುಂದಿನ ಸೀಟು ಉದ್ದಕ್ಕೂ ಒಂದೇ. ಅವರು ಜರುಗಿ ಮಲಕಾರಿಯ ಹೆಗಲಿಗೆ ಹೆಗಲು ಹಚ್ಚಿದರು. ರಸ್ತೆ ಬಂತು, ಗಿಡ ಬಂದವು, ದೂರದ ತಂಬಾಕಿನ ಹೊಲಗಳೂ ಬಂದವು. ಎಡಕ್ಕೆ ಜರುಗಿದರು, ಎಲ್ಲ ಹೋಯಿತು. ಮತ್ತೆ ಬಲಕ್ಕೆ.

"ಇದೇನ ಭಾನಗಡೀಲೇ ಇದು?"

ಮಲಕಾರಿ ಹೇಳಿಬಿಟ್ಟ. ಕಂಬಳಿಯ ಜಿಡ್ಡು ಗಾಜಿಗೆ ಹತ್ತುತ್ತಿತ್ತು. ಇವತ್ತು ತನ್ನ ಕಡೆಗೆ ಬರೀ ಧೋತರ, ಆ ಕಡೆಗೆ ಕಂಬಳಿ.

"ಗೊತ್ತಾದ ಮ್ಯಾಲೂ ನನ್ನ ಕಡಿ ಯಾಕ ವರಸಿದಿ ಅದನ್ನ?"

"ಮಾಲಕ್ರು ಕುಂದ್ರೂ ಕಡಿ ಮೈಲಿಗಿ ಇರಬಾರದಂತ್ರಿ."

ತನಗೆ ಮರ್ಯಾದೆ ಆಯಿತೋ ಅವಮಾನ ಆಯಿತೋ ದಾದಾಸಾಹೇಬರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ಮಲಕಾರಿಯ ಮುಖ ನೋಡಿದರೆ ಅವನಿಗೂ ತಿಳಿದಂತಿರಲಿಲ್ಲ. ಚಾವಿಯ ಮಾತು ಯಾರೂ ಎತ್ತಲಿಲ್ಲ. ಗೇರು ಹಾಕುವಾಗ ಮಲಕಾರಿಯ ಮೊಳಕೈ ಅವರ ಬೊಜ್ಜಿಗೆ ತಿವಿಯುತ್ತಿದ್ದರೂ ನಿಪ್ಪಾಣಿ ಮುಟ್ಟುವ ತನಕ ಅವರು ಅವನಿಗೆ ಅಂಟಿಕೊಂಡೇ ಕೂತಿದ್ದರು.