ಸಾಕ್ಷಿಗೆ ಬಂದ ತಾಮ್ರದ ಕೊಡ

ಇವತ್ತು ಬಳ್ಳಾರಿಯ ಕಚೇರಿಗೆ ಕೊಡ ಹೊತ್ತುಕೊಂಡು ಹೋಗಿದ್ದೆ ಗೆಳತಿಯರೇ, ನೀರಿಗಲ್ಲ. ಸಿಂಗಪುರದಲ್ಲಿರುವ ಯಜಮಾನರ ಹತ್ತಿರ ಹೋಗಲು ನಾನು ಹಾಕಿದ ಅರ್ಜಿಯನ್ನು ಗುಮಾಸ್ತರು ಹೋದ ವಾರ ತಿರುಗಿಸಿದ್ದರು, ಮದುವೆಗೆ ಬರಹದ ಪುರಾವೆ ಬೇಕೆಂದು. ರಾರಾವಿಯಲ್ಲಿ ನಮ್ಮ ಮದುವೆಗೆ ಊರೆಲ್ಲ ಉಂಡಿತ್ತು, ಯಾರೂ ಕಾಗದ ಬರೆದಿರಲಿಲ್ಲ. ಬರೆಸಿದ್ದು ಸೋದರಮಾವ ಒಬ್ಬನೇ, ಉಡುಗೊರೆ ಕೊಟ್ಟ ಈ ತಾಮ್ರದ ಕೊಡದ ಮೇಲೆ ಅಕ್ಷರ ಕೆತ್ತಿಸಿ.

ವರಾಂಡದಲ್ಲಿ ಕಾಯುತ್ತಿದ್ದ ಇಬ್ಬರು ನೀರಿಗೆ ಬೊಗಸೆ ಒಡ್ಡಿದರು. ತಡೀರಿ ಎಂದು ಒಳಗೆ ಹೋದೆ.

"ಗಂಡನ ಹೆಸರೇನು ತಂಗಿ?" ಎಂದರು ಗುಮಾಸ್ತರು.

ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ ನಾನು. ಕೊಡವನ್ನು ಮೇಜಿನ ಮೇಲಿಟ್ಟು ಅಕ್ಷರಗಳನ್ನು ಅವರ ಕಡೆ ತಿರುಗಿಸಿದೆ. "ಓದಿಕೊಳ್ರಿ. ಇಬ್ಬರ ಹೆಸರೂ ಐತಿ, ಲಗ್ನದ ತಾರೀಖೂ ಐತಿ."

"ಇದನ್ನ ಫೈಲಿಗೆ ಹೆಂಗ ಹಚ್ಚಲಿ?"

"ನಕಲು ಬರ್ಕೊಳ್ರಿ. ಕೊಡ ನನ್ನ ಸಂಗಾಟ ಸಿಂಗಪುರಕ್ಕ ಬರೂದೈತಿ."

ಅವರು ಕೊಡವನ್ನು ತಿರುಗಿಸಿ ತಿರುಗಿಸಿ ಬರೆದುಕೊಂಡರು. ನಕಲಿನ ಕೆಳಗೆ "ಅಸಲು ನೋಡಿ ಹಿಂತಿರುಗಿಸಿದೆ" ಎಂದು ಬರೆದು ಸಹಿ ಹಾಕಿ, ಅದನ್ನು ನನ್ನ ಅರ್ಜಿಗೆ ಹಚ್ಚಿದರು.

ಹೊರಗೆ ಬಂದು ನಲ್ಲಿಯಲ್ಲಿ ಕೊಡ ತುಂಬಿಸಿ ಆ ಇಬ್ಬರಿಗೂ ನೀರು ಹಾಕಿದೆ. ಕಚೇರಿಯವರು ಕೇಳುವ ಕಾಗದದ ಪುರಾವೆ ಯಾರ ಬಾಯಾರಿಕೆಯನ್ನಾದರೂ ಕಳೆದದ್ದುಂಟೆ?