ಒಡಪಿನಲ್ಲಿ ನಾನು ಬದಲಿಸಿದ ಹೆಸರು

ನನ್ನ ಮೊಮ್ಮಗಳ ಪುಸ್ತಕದಲ್ಲಿ ‘ನಮ್ಮ ಆಯಿ ಕಟ್ಟಿದ್ದು’ ಎಂದು ಅಚ್ಚಾಗಿರುವ ಒಡಪುಗಳಲ್ಲಿ ಒಂದನ್ನೂ ನಾನು ಕಟ್ಟಿಲ್ಲ. ಎಲ್ಲವೂ ನನ್ನ ನೆಗೆಣ್ಣಿ ಗಂಗಕ್ಕನವು — ನನ್ನ ಗಂಡನ ಅಣ್ಣನ ಹೆಂಡತಿಯವು. ಅವುಗಳಲ್ಲಿ ಅವಳ ಗಂಡನ ಹೆಸರು ತೆಗೆದು ನನ್ನ ಗಂಡನ ಹೆಸರು ಕೂಡಿಸಿದವಳು ನಾನು. ಅಲ್ಲಿಗೇ ಬಿಟ್ಟಿದ್ದರೂ... ಬಿಡಲಿಲ್ಲ. ಅವಳ ಬಾಯಿ ಮುಚ್ಚಿಸಿದವಳೂ ನಾನೇ.

ಇದನ್ನು ಬರೆಯಲು ಕೂತಾಗಲೂ ಎದೆಯೊಳಗೆ ಸಂತೋಷ ಉಕ್ಕುತ್ತಲೇ ಇದೆ, ಏನು ಮಾಡಲಿ? ನಮ್ಮ ಅಕ್ಷತಾ ಪುಸ್ತಕ ಬರೆದಿದ್ದಾಳೆ! ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ರಾಟೆಯ ಮುಂದೆ ಕೂರಿಸಿದ ಹೆಣ್ಣು ನಾನು. ನನ್ನ ಮಗನ ಮಗಳು ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅವಳ ಹೆಸರು ಪುಸ್ತಕದ ಮೇಲೆ ಇದೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅದನ್ನು ಹಿಡಿದುಕೊಂಡು ಮನೆಮನೆಗೂ ಹೋಗಿಬಂದೆ. ಓದಲು ಬಾರದವರೂ ಕೈ ಒರೆಸಿಕೊಂಡು ಮುಟ್ಟಿ ನೋಡಿದರು. ಆ ಸಂತೋಷದೊಳಗೇ ನಾನು ಸಿಕ್ಕಿಕೊಂಡೆ. ಹೊರಗೆ ಬರುವ ದಾರಿ ಎಲ್ಲಿದೆ ಎಂದು ಹುಡುಕಿದಾಗಲೆಲ್ಲ ಆ ಬಾಗಿಲಲ್ಲಿ ಅಕ್ಷತಾ ನಗುತ್ತ ನಿಂತಿರುತ್ತಿದ್ದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಕುಬಸ ಮಾಡುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವಾಗ, ಹೆಂಗಸರು ಕಾಡಿದರೆ ಪ್ರಾಸ ಹೊಂದಿಸಿ ಎರಡು ಮೂರು ಸಾಲು ಕಟ್ಟಿ, ಕೊನೆಗೆ ಹೆಸರಿಟ್ಟು ಹೇಳುತ್ತಾಳೆ. ಅದೇ ಒಡಪು.

ನಾನು ಮದುವೆಯಾಗಿ ತೇರದಾಳದಿಂದ ಬಂದ ದಿನ ಹೆಂಗಸರು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತರು. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದರು. ನನಗೆ ಒಂದು ಸಾಲೂ ಬರಲಿಲ್ಲ. ಆಗ ಹಿಂದಿನಿಂದ ಯಾರೋ ಕಿವಿಯಲ್ಲಿ ಮೆಲ್ಲಗೆ ಒಂದು ಒಡಪು ಹೇಳಿಕೊಟ್ಟರು. “ಇದು ನಂದು. ನಿನ್ನ ಗಂಡನ ಹೆಸರ ಹಾಕಿ ಅಂದಬಿಡು ಬೇ, ಇವರು ಕಾಡಸೂದು ಬಿಡ್ತಾರ.” ಅವಳೇ ಗಂಗಕ್ಕ. ಆ ಮನೆಯಲ್ಲಿ ನಾನು ಕೇಳಿದ ಮೊದಲ ಪ್ರೀತಿಯ ಮಾತು ಅದು.

ಅವಳು ಕಂಡಿಕೆ ಸುತ್ತುತ್ತ, ಎಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಡುತ್ತ, ರಾಟೆ ತಿರುಗಿದ ಹಾಗೆ ಒಡಪು ಕಟ್ಟುತ್ತಿದ್ದಳು. ಅವಳ ಗಂಡ, ನನ್ನ ಭಾವ, ಮಗ್ಗದ ಕುಣಿಯಿಂದಲೇ ಏನೋ ಅಂದು ಅವಳನ್ನು ನಗಿಸುತ್ತಿದ್ದರು. ನನ್ನ ಗಂಡ ಒಳ್ಳೆಯವರೇ, ಆದರೆ ನಗಿಸುವವರಲ್ಲ. ಹೊಟ್ಟೆಕಿಚ್ಚು ಇತ್ತೇ? ಇತ್ತು. ಅವಳ ಒಂದೊಂದೇ ಒಡಪನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಸರು ಬದಲಿಸಿ, ತವರಿನಲ್ಲಿ, ಬೀಗರ ಮನೆಗಳಲ್ಲಿ ನನ್ನವೇ ಎಂದು ಹೇಳುತ್ತಿದ್ದೆ. “ನೀಲವ್ವನ ಒಡಪು ಕೇಳ್ರಿ” ಎಂದು ಜನ ಕರೆಯತೊಡಗಿದರು. ಗಂಗಕ್ಕನಿಗೆ ಗೊತ್ತಿತ್ತು. ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕು ಸುಮ್ಮನಿರುತ್ತಿದ್ದಳು.

ಆಮೇಲೆ ಭಾವ ತೀರಿಕೊಂಡರು.

ಗಂಡ ಇಲ್ಲದವಳಿಗೆ ಒಡಪು ಹೇಳು ಎಂದು ಯಾರೂ ಕೇಳುವುದಿಲ್ಲ. ಗಂಗಕ್ಕನನ್ನೂ ಕೇಳುವುದು ಬಿಟ್ಟರು. ಅಕ್ಷತಾ ನನ್ನ ಸೊಸೆಯ ಹೊಟ್ಟೆಯಲ್ಲಿದ್ದಾಗ ಮನೆಯಲ್ಲಿ ಕುಬಸ ಮಾಡಿದೆವು. ಪಡಸಾಲೆ ತುಂಬ ಹೆಂಗಸರು. ಗಂಗಕ್ಕ ಅಡುಗೆಮನೆಯಲ್ಲಿ ಭಜಿ ಕರಿಯುತ್ತಿದ್ದಳು. ನನಗೆ ಒಡಪು ಹೇಳು ಎಂದರು. ಶುರುಮಾಡಿದೆ, ನಡುವೆ ಮರೆತುಹೋಯಿತು. ಎಲ್ಲರೂ ಕಾಯುತ್ತಿದ್ದಾರೆ. ಆಗ ಅಡುಗೆಮನೆಯ ಬಾಗಿಲಿನಿಂದ ಅವಳ ದನಿ ಬಂತು. ನನ್ನನ್ನು ಉಳಿಸಲೆಂದೇ ಬಂದ ದನಿ, ಆದರೆ ರೂಢಿಯ ಮೇಲೆ ಕೊನೆಯತನಕ ಹೋಗಿಬಿಟ್ಟಿತು:

“ಬೆಲ್ಲದ ಚಹಾ ಕುದ್ದೈತಿ, ಮೆಲ್ಲಕ ಮಗ್ಗಾ ನಿಂತೈತಿ,
ಒಲ್ಲೆ ಅಂದ್ರೂ ನಗಿಸೋರು ನಮ್ಮ ಮಲ್ಲಪ್ಪನವರು.”

ಕೊನೆಯ ಹೆಸರು ಭಾವನದು. ಬೆಲ್ಲ, ಮೆಲ್ಲಕ, ಒಲ್ಲೆ, ಮಲ್ಲಪ್ಪ — ಕಿವಿ ಇದ್ದವರಿಗೆಲ್ಲ ತಿಳಿಯುವಂತಿತ್ತು, ಅದು ಯಾರ ಒಡಪು ಎಂದು. ಇನ್ನೊಂದು ಕ್ಷಣ ಬಿಟ್ಟರೆ ಯಾರಾದರೂ ಕೇಳುತ್ತಿದ್ದರು. ನಾನು ಬಿಡಲಿಲ್ಲ.

“ನಿನಗ ಇನ್ನ ಯಾರ ಹೆಸರ ಹೇಳೂದೈತಿ ಬೇ ಅಕ್ಕಾ? ನಿನ್ನ ಒಡಪು ಭಾವನ ಕೂಡನ ಹೋತು.”

ಯಾರೋ ಕಿಸಕ್ಕೆಂದರು. ಗಂಗಕ್ಕ ಜಾಲರಿ ಸೌಟು ಹಿಡಿದುಕೊಂಡು ಒಳಗೆ ಹೋದಳು. ಭಜಿ ಕರಿದಳು, ಎಲ್ಲರಿಗೂ ಬಡಿಸಿದಳು, ನನಗೂ. ಅವತ್ತಿನಿಂದ ಅವಳು ಒಡಪು ಕಟ್ಟಲಿಲ್ಲ. ಕಟ್ಟಿದ್ದರೂ ಯಾರ ಕಿವಿಗೂ ಬೀಳಲಿಲ್ಲ. ಒಂದೇ ಓಣಿಯಲ್ಲಿದ್ದೇವೆ, ಸಾರು ಪಲ್ಯ ಕೊಟ್ಟು ತೆಗೆದುಕೊಳ್ಳುತ್ತೇವೆ — ಆ ಮಾತು ಮಾತ್ರ ಅವಳೂ ಎತ್ತಲಿಲ್ಲ, ನಾನೂ...

ನನ್ನ ಗಂಡನೂ ಹೋದ ಮೇಲೆ, ಸೂಟಿಗೆ ಊರಿಗೆ ಬಂದ ಅಕ್ಷತಾ ನನ್ನ ಪಕ್ಕದಲ್ಲಿ ಮಲಗಿ ಒಡಪು ಹೇಳಿಸಿಕೊಂಡಳು. ಒಂದಾದ ಮೇಲೆ ಒಂದು ಹೇಳಿದೆ. “ಇವನ್ನೆಲ್ಲಾ ನೀನ ಕಟ್ಟೀಯೇನ ಆಯಿ?” ಎಂದು ಕಣ್ಣರಳಿಸಿ ಎದ್ದು ಕೂತಳು. ಆ ಕಣ್ಣು ನೋಡಿ... “ಮತ್ಯಾರ ಕಟ್ಟತಾರ?” ಎಂದೆ.

ಹಾಗೆ ಕೇಳಿ ಬರೆದುಕೊಂಡದ್ದೇ ಅವಳ ಪುಸ್ತಕ ಆಯಿತು. ಮೊದಲ ವಿಡಿಯೋ ಬಂತು. ಈಗಿನ ಲೇಖಕರು ತಮ್ಮ ಪುಸ್ತಕದ ಬಗ್ಗೆ ಮಾತಾಡಿ, ಅದರಿಂದ ಒಂದಿಷ್ಟು ಓದಿ ತೋರಿಸುವ ವಿಡಿಯೋ. ಒಬ್ಬೊಬ್ಬರು ಒಂದೊಂದು ಊರಿನಲ್ಲಿ, ಸಣ್ಣ ಸಣ್ಣ ಚೌಕದೊಳಗೆ ಕೂತಿರುತ್ತಾರೆ. ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ಓಣಿಯ ಹೆಂಗಸರೆಲ್ಲ ನೋಡಿದೆವು. ಅಕ್ಷತಾ ಅದೇ ಬೆಲ್ಲದ ಚಹಾದ ಒಡಪು ಓದಿದಳು, ಕೊನೆಗೆ ನನ್ನ ಗಂಡನ ಹೆಸರಿಟ್ಟು ‘ನಮ್ಮ ಈರಪ್ಪನವರು’ ಎಂದಳು. ಮಾತಾಡಿಸುವಾಕೆ ಕೇಳಿದಳು, ಹೆಸರಿನ ಹತ್ತಿರ ಪ್ರಾಸ ತಪ್ಪುತ್ತದಲ್ಲ, ಬೇಕೆಂದೇ ತಪ್ಪಿಸಿದ್ದಾರೆಯೇ ಎಂದು. ಅಕ್ಷತಾ ನಗುತ್ತ, “ಹೌದು, ಗಂಡನ ಹೆಸರಿನ ಹತ್ತಿರ ಬಂದು ಹಾಡು ಎಡವುತ್ತದೆ. ಅದು ಆಯಿಯ ಒಳಗಿನ ಸಿಟ್ಟು” ಎಂದಳು. ಉಳಿದ ಚೌಕಗಳಲ್ಲಿದ್ದ ಲೇಖಕರೆಲ್ಲ ತಲೆಯಾಡಿಸಿದರು.

ಪಕ್ಕದ ಮನೆಯ ಬೌರವ್ವ ನನ್ನ ತೊಡೆಗೆ ಚಿವುಟಿ, “ಏನ ಬೇ ನೀಲವ್ವಾ, ಈರಪ್ಪಣ್ಣ ನಗಸೂದು ನಾವ್ಯಾರೂ ನೋಡಲೇ ಇಲ್ಲಲ್ಲ! ಬಾಗಲಾ ಹಾಕ್ಕೊಂಡು ನಗಸ್ತಿದ್ದನೇನ?” ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹೊಸ್ತಿಲ ಮೇಲೆ ಕೂತಿದ್ದ ಗಂಗಕ್ಕ ನಗಲಿಲ್ಲ. ಆಗಲೇ ಫೋನಿನಲ್ಲಿ ಅಕ್ಷತಾ ಹೇಳುತ್ತಿದ್ದಳು — ಗಂಡ ತೀರಿದ ಹೆಣ್ಣಿಗೆ ಒಡಪು ಕೇಳಬಾರದೆಂಬ ಪದ್ಧತಿಯನ್ನು ನಮ್ಮ ಮನೆಯಲ್ಲಿ ಮೊದಲು ಮುರಿದವಳು ನಮ್ಮ ಆಯಿ, ಈ ಪುಸ್ತಕ ಹುಟ್ಟಿದ್ದೇ ಅಲ್ಲಿಂದ.

ಗಂಗಕ್ಕ ಸೀರೆ ಜಾಡಿಸಿಕೊಂಡು ಎದ್ದಳು. “ಛಲೋ ಓದ್ಯಾಳ ಕೂಸು” ಎಂದಳು. ಅಷ್ಟೇ.

ಎರಡನೆಯ ವಿಡಿಯೋ ನಮ್ಮ ಮನೆಯಲ್ಲೇ ಇಟ್ಟುಕೊಂಡರು. ನಾನು ಹೊಟ್ಟೆನೋವು ಎಂದೆ, ಕಣ್ಣು ಕಾಣುವುದಿಲ್ಲ ಎಂದೆ, ಅಕ್ಷತಾ ಕೇಳಲಿಲ್ಲ. ಸದ್ದಾಗಬಾರದೆಂದು ಓಣಿಯವರು ಪಾವರ್‌ಲೂಮುಗಳನ್ನೆಲ್ಲ ನಿಲ್ಲಿಸಿದರು — ನನ್ನ ಮಾತು ಕೇಳಲಿಕ್ಕೆ! ನನ್ನ ಸೆರಗಿಗೆ ಮೈಕು ಸಿಕ್ಕಿಸಿ ಅದರ ವಾಯರನ್ನು ಕುರ್ಚಿಯ ಹಿಂದಿನಿಂದ ತಂದಿದ್ದರು, ಏಳಬೇಕೆಂದರೂ ಏಳುವಂತಿರಲಿಲ್ಲ. ಓಣಿ ಅಷ್ಟು ಸುಮ್ಮನಾಗಿದ್ದನ್ನು ನಾನು ಕಂಡೇ ಇರಲಿಲ್ಲ. “ನೇರ ಹೊಂಟೈತಿ ಆಯಿ, ಅಂಜಬ್ಯಾಡ” ಎಂದಳು ಅಕ್ಷತಾ.

ಮಾತಾಡಿಸುವಾಕೆ ಒಳ್ಳೆಯ ಹೆಣ್ಣುಮಗಳು. “ಅಜ್ಜೀ, ಪುಸ್ತಕದಾಗ ಇಲ್ಲದ್ದು, ಹೊಸಾದು ಒಂದು ಈಗ ಕಟ್ಟಿ ಹೇಳ್ರಿ” ಎಂದಳು. ಹೊಸದು! ನನ್ನೊಳಗೆ ಏನಿದೆ? ಹುಡುಕಿದೆ, ಹುಡುಕಿದೆ — ಸಿಕ್ಕಿದ್ದೂ ಗಂಗಕ್ಕನದೇ. ಎಂದೋ ಕೇಳಿ, ಯಾರಿಗೂ ಹೇಳದೆ ಉಳಿದಿದ್ದು:

“ಚಿಮ್ಮಡದ ಬಸ್ಸು ತಡಾ ಆತು, ಸುಮ್ಮನ ಕುಂತೆ ಕಟ್ಟಿ ಮ್ಯಾಲ,
ಹಮ್ಮಿಲ್ಲದಂಗ ಚೀಲಾ ಹೊತ್ತೋರು ನಮ್ಮ ಈರಪ್ಪನವರು.”

“ಚಿಮ್ಮಡ ನಿಮ್ಮ ತವರೂರೇನ್ರಿ ಅಜ್ಜಿ?”

“ಹೂಂ” ಎಂದೆ.

ಅಕ್ಷತಾಳ ಮುಖ ನೋಡಿದೆ. ಅವಳು ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ನನ್ನ ತವರಿಗೆ ಬಂದವಳು. ಅದು ತೇರದಾಳ. ಚಿಮ್ಮಡ ಯಾರ ತವರು ಎಂಬುದೂ ಅವಳಿಗೆ ಗೊತ್ತು. ಎಲ್ಲರೂ ನೋಡುತ್ತಿದ್ದಾರೆ, ಅವಳು ಕೇಳುವಂತಿಲ್ಲ, ನಾನು ಹೇಳುವಂತಿಲ್ಲ. ಇಬ್ಬರೂ ವಿಡಿಯೋದವರ ದೀಪದ ಬೆಳಕಿನಲ್ಲಿ ನಗುತ್ತಲೇ ಕೂತೆವು.

ಮುಗಿದ ಮೇಲೆ ಗಂಗಕ್ಕ ಚಹಾ ತಂದಳು. ನನ್ನ ಕೈಗೆ ಬಸಿ ಕೊಡುವಾಗ ಬಗ್ಗಿ ಮೆಲ್ಲಗೆ, “ಅದರಾಗ ಒಂದು ಸಾಲ ಬಿಟ್ಟಿ” ಎಂದಳು.

ಅಕ್ಷತಾ ಬಂದವರನ್ನೆಲ್ಲ ಕಳಿಸಿ ಬಂದು ನನ್ನ ಎದುರು ನೆಲದ ಮೇಲೆ ಕೂತಳು. “ಆಯಿ, ಚಿಮ್ಮಡ ದೊಡ್ಡಾಯಿ ತವರಲ್ಲೇನ?” ಎಂದಳು; ಗಂಗಕ್ಕನನ್ನು ಅವಳು ಕರೆಯುವುದೇ ಹಾಗೆ. ಆಗ ಹೇಳಿದೆ, ಕುಬಸದ ದಿನದ್ದನ್ನೂ ಹೇಳಿದೆ. ನಾನಾಗಿಯೇ ಹೇಳಿದೆ ಎಂದು ಯಾರೂ ತಿಳಿಯಬೇಡಿ, ಸಿಕ್ಕಿಬಿದ್ದು ಹೇಳಿದೆ.

“ನಾ ಎಲ್ಲಾರ ಮುಂದ ಏನೇನ ಹೇಳೇನಿ ಆಯಿ... ನೀನ ಮುರದಿ ಅಂದೇನಿ...” ಎಂದು ಪುಸ್ತಕ ಮಡಿಲಲ್ಲಿಟ್ಟುಕೊಂಡು ಅತ್ತಳು. ನಾನು ತಲೆ ಸವರಲು ಕೈ ಚಾಚಿದೆ. ತಲೆ ಸರಿಸಿಕೊಂಡಳು. ಹುಟ್ಟಿದಾಗಿನಿಂದ ಅವಳು ಹಾಗೆ ಮಾಡಿರಲಿಲ್ಲ.

ಸಂಜೆ ಅವಳು ಗಂಗಕ್ಕನ ಮನೆಗೆ ಹೋದಳು. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಪುಸ್ತಕವನ್ನು ಅಂಗಡಿಗಳಿಂದ ವಾಪಸು ತರಿಸುತ್ತೇನೆ, ನಿಮ್ಮ ಹೆಸರು ಹಾಕಿ ಬೇರೆ ಮಾಡಿಸುತ್ತೇನೆ ಎಂದಳು ಅಕ್ಷತಾ. ಗಂಗಕ್ಕ ಅವಳ ಕಣ್ಣೊರೆಸಿದಳು.

“ನನ್ನ ಹೆಸರ ಬ್ಯಾಡವ್ವಾ. ಅವರ ಹೆಸರ ಎಲ್ಲೆಲ್ಲಿ ಇತ್ತು, ಅಲ್ಲಲ್ಲಿ ಇಡು. ಸಾಕು.”

ನಾನು ಒಳಗೆ ಹೋಗಿ ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. “ಏಳ ಬೇ. ನೆಲಾ ಥಂಡ ಐತಿ” ಎಂದಳು. ಅದು ಕ್ಷಮೆಯೇ? ಅಲ್ಲ. ಕ್ಷಮೆಯೆಂದು ನಾನು ತಿಳಿದುಕೊಳ್ಳಬಾರದು.

ಅಕ್ಷತಾ ನನ್ನ ಜೊತೆ ಕಡಿಮೆ ಮಾತಾಡುತ್ತಾಳೆ ಈಗ. ಆದರೆ ಭಾನುವಾರಕ್ಕೆ ಇನ್ನೊಂದು ವಿಡಿಯೋ ಗೊತ್ತುಮಾಡಿದ್ದಾಳೆ. “ಇದನ್ನ ನಾ ಓದೂದಿಲ್ಲ ಆಯಿ. ನೀನ ಬರಿ, ನೀನ ಓದು” ಎಂದಳು. ಬರೆದಿದ್ದೇನೆ. ಅಕ್ಷರ ತಪ್ಪಿದ ಕಡೆ ಅವಳು ತಿದ್ದಿದ್ದಾಳೆ, ಮಾತನ್ನು ತಿದ್ದಿಲ್ಲ. ಓಣಿಯವರು ಮತ್ತೆ ಮಗ್ಗ ನಿಲ್ಲಿಸುತ್ತಾರೆ. ಬೌರವ್ವ ಇರುತ್ತಾಳೆ. ನನ್ನನ್ನು ಹೊಗಳಿದ ಲೇಖಕರೂ ತಮ್ಮ ತಮ್ಮ ಚೌಕದಲ್ಲಿ ಇರುತ್ತಾರೆ.

ಭಾವನ ಹೆಸರನ್ನು ತಮ್ಮನ ಹೆಂಡತಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಒಮ್ಮೆಯೂ ಹೇಳಿಲ್ಲ. ಮೇಲೆ ಬರೆಯುವಾಗಲೇ ಕೈ ನಿಂತಿತ್ತು. ಭಾನುವಾರ ಬಾಯಿಬಿಟ್ಟು ಹೇಳಬೇಕು.

ಬಿಟ್ಟುಹೋದ ಸಾಲು ಯಾವುದು ಎಂದು ನಿನ್ನೆ ಗಂಗಕ್ಕನನ್ನು ಕೇಳಿದೆ. ರಾಟೆ ನಿಲ್ಲಿಸದೆಯೇ, “ಅದು ನನ್ನ ಕಡೆನ ಇರಲಿ” ಎಂದಳು. ಇರಲಿ. ಚಿಮ್ಮಡದ ಒಡಪು ಓದುವಾಗ ಆ ಸಾಲಿನ ಜಾಗ ಬಂದಾಗ ಸುಮ್ಮನಾಗುತ್ತೇನೆ. ಎಲ್ಲರಿಗೂ ಆ ಖಾಲಿ ಕೇಳಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಅವಳ ಗಂಡನ ಹೆಸರು ಹೇಳುತ್ತೇನೆ.