ಎದುರಿನಿಂದ ನಡೆದು ಬರುತ್ತಿದ್ದವರು

ಹೊಸ ರಬ್ಬರ್ ಚಪ್ಪಲಿಯ ವಾಸನೆ ಎರಡು ಮೂರು ದಿನ ಮನೆಯಲ್ಲೇ ಉಳಿಯುತ್ತದೆ. ಕಳೆದ ವಾರ ಒಂದು ಜೊತೆ ತಂದು ಬಾಗಿಲ ಬಳಿ ಬಿಟ್ಟಿದ್ದೆ. ಬೆಳಿಗ್ಗೆ ಆ ವಾಸನೆಗೆ ಬೋಳಾರದ ಚಪ್ಪಲಿ ಅಂಗಡಿಯ ಕಾಕ ನೆನಪಾದರು. ಊರಿಗೆಲ್ಲ ಅವರು ಕಾಕ, ನನಗೂ ಹಾಗೆಯೇ. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಅವರಿಗೆ ‘ಪೇಪರ್‌ನವರು’.

ಅವರಿಗೆ ನಡೆಯುವಾಗ ಕಾಲು ನೋಯುತ್ತಿತ್ತು. ಸ್ವಲ್ಪ ದೂರ ಬಂದರೆ ಬಲ ಮೀನಖಂಡ ಹಿಂಡಿದಂತಾಗಿ ಹೆಜ್ಜೆ ಏಳುತ್ತಿರಲಿಲ್ಲ. ನಿಂತರೆ ನೋವು ಹೋಗುತ್ತಿತ್ತು, ನಡೆದರೆ ಮತ್ತೆ ಬರುತ್ತಿತ್ತು. ಬೇರೆಯವರಾಗಿದ್ದರೆ ವಯಸ್ಸನ್ನೋ ವಾತವನ್ನೋ ದೂರುತ್ತಿದ್ದರು. ಕಾಕ ಚಪ್ಪಲಿ ವ್ಯಾಪಾರಿ, ಚಪ್ಪಲಿಯನ್ನೇ ದೂರಿದರು. ದಪ್ಪ ಅಟ್ಟೆಯದು, ತೆಳು ಅಟ್ಟೆಯದು, ಚರ್ಮದ್ದು, ಡಾಕ್ಟರ್ ಚಪ್ಪಲಿ ಎಂದು ಮಾರುವ ಮೆತ್ತನೆಯದು... ಅಂಗಡಿಯಲ್ಲಿದ್ದುದನ್ನೆಲ್ಲ ಸರದಿಯಂತೆ ಹಾಕಿ ನೋಡಿದರು. ಹಾಗೆಯೇ ವರ್ಷ ಕಳೆಯಿತು. ಒಂದು ದಿನ ಹೊಸ ಜೊತೆ ತೊಡಿಸುತ್ತಿದ್ದ ಮಗನಿಗೆ ಅಪ್ಪನ ಬಲ ಪಾದ ಎಡ ಪಾದಕ್ಕಿಂತ ತಣ್ಣಗಿರುವುದು ಕೈಗೆ ತಿಳಿಯಿತು. ಅಂದೇ ಆಸ್ಪತ್ರೆಗೆ ಕರೆದೊಯ್ದ.

“ಡಾಕ್ಟ್ರು ಎಂತ ಹೇಳಿದ್ರು ಕಾಕ?” ಎಂದು ಮರುದಿನ ಕೇಳಿದೆ.

“ಪೈಪಲ್ಲಿ ನೀರು ಬರುದಿಲ್ಲ ಅಂತೆ ಪೇಪರ್‌ನವರೇ. ಇನ್ನು ಈ ಚಪ್ಪಲಿಗಳ ಹತ್ರ ಮಾಫಿ ಕೇಳ್ಬೇಕು ನಾನು.”

ಕಾಲಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗಿದ್ದವು. ಹಳೆಯ ಬೀಡಿ ಚಟ, ಜೊತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಬೇಕು, ಬೀಡಿ ಬಿಡಬೇಕು, ದಿನವೂ ನಡೆಯಬೇಕು ಎಂದಿದ್ದರು ವೈದ್ಯರು. ನೋವು ಬಂದಾಗ ನಿಲ್ಲುವುದು, ಹೋದ ಮೇಲೆ ಮತ್ತೆ ನಡೆಯುವುದು. ಅಲಕ್ಷ್ಯ ಮಾಡಿದರೆ ಮುಂದೆ ಕಾಲಿಗೇ ಅಪಾಯ.

ಬೀಡಿಯನ್ನು ಅವರು ಕಷ್ಟಪಟ್ಟು ಬಿಟ್ಟರು. ನಡೆಯಲು ಮಾತ್ರ ಊರು ಬಿಡಲಿಲ್ಲ. ನಮ್ಮಲ್ಲಿ ಪರಿಚಯದವರು ರಸ್ತೆ ಬದಿ ನಿಂತದ್ದು ಕಂಡರೆ ಗಾಡಿ ತಾನಾಗಿ ನಿಲ್ಲುತ್ತದೆ. ಕರೆದ ಮೇಲೆ ಹತ್ತದಿದ್ದರೆ ದೊಡ್ಡಸ್ತಿಕೆ ಎನ್ನುತ್ತಾರೆ. ಕಾಕನಂತೂ ನೋವು ಬಂದಾಗಲೆಲ್ಲ ನಿಲ್ಲಲೇಬೇಕು.

“ಬಿಸಿಲಲ್ಲಿ ಎಂತ ನಿಂತದ್ದು ಕಾಕ? ಹತ್ತಿ ಮಾರಾಯ್ರೆ.”

“ಬೇಡ, ನಡೀಲಿಕ್ಕೆ ಹೇಳಿದ್ದಾರೆ.”

“ನಾಳೆ ನಡೀಬಹುದು. ಈಗ ಕೂತ್ಕೊಳ್ಳಿ.”

ನನ್ನ ಸ್ಕೂಟರಿನಲ್ಲೂ ಅವರು ಹಾಗೆ ಕೂತದ್ದುಂಟು. ಕೆಲವು ತಿಂಗಳ ನಂತರ ತಪಾಸಣೆಗೆ ಹೋದಾಗ ಕಾಲು ಇದ್ದ ಹಾಗೇ ಇತ್ತು. ‘ಕಾಲು ಬೇಕಾ ಬೇಡ್ವಾ ನಿಮಗೆ?’ ಎಂದು ವೈದ್ಯರು ಬೈದರಂತೆ. ಅದನ್ನು ಹೇಳುವಾಗ ಕಾಕ ನಗಲಿಲ್ಲ.

ಅವರ ಮನೆಯಿಂದ ಪೇಟೆ ಕಡೆಗೆ ಹೋಗುವ ರಸ್ತೆ ಏಕಮುಖ ಸಂಚಾರದ್ದು. ವೈದ್ಯರು ಬೈದ ಮೇಲೆ ದಿನವೂ ಬೆಳಿಗ್ಗೆ ಅವರು ರಿಕ್ಷಾದಲ್ಲಿ ರಸ್ತೆಯ ಆ ತುದಿಗೆ ಹೋಗಿ, ಇಳಿದು, ವಾಹನಗಳಿಗೆ ಎದುರಾಗಿ ಮನೆ ಕಡೆ ನಡೆದು ಬರತೊಡಗಿದರು. ಗಾಡಿಗಳೆಲ್ಲ ಆ ಕಡೆ, ಅವರು ಈ ಕಡೆ. ಹತ್ತಿ ಎನ್ನಲು ಯಾರಿಗೂ ಬಾಯಿಲ್ಲ. ಕಚೇರಿಗೆ ಹೋಗುವ ನನಗೆ ದಿನವೂ ಎದುರು ಸಿಗುತ್ತಿದ್ದರು. ನಿಂತಿದ್ದರೆ ಕೈ ಎತ್ತುತ್ತಿದ್ದರು, ನಡೆಯುತ್ತಿದ್ದರೆ ತಲೆಯಾಡಿಸುತ್ತಿದ್ದರು.

“ರಿಕ್ಷಾಕ್ಕೆ ದುಡ್ಡು ಕೊಟ್ಟು ನಡೆಯುವ ಜನ ಮಂಗ್ಳೂರಲ್ಲಿ ನಾನೊಬ್ಬನೇ. ಬರೀರಿ ಪೇಪರಲ್ಲಿ,” ಎಂದು ಒಮ್ಮೆ ರಸ್ತೆಯಿಂದಲೇ ಕೂಗಿದ್ದರು.

ನಾನು ಬರೆಯಲಿಲ್ಲ. ಆದರೆ ಅವರು ನಿಲ್ಲುವ ಜಾಗಗಳು ಕಡಿಮೆಯಾಗುತ್ತಾ ಬಂದದ್ದನ್ನು ನೋಡಿದೆ. ಮೊದಲು ಹೋಟೆಲಿನ ಮುಂದೆ, ಗ್ಯಾರೇಜಿನ ಮುಂದೆ, ಟ್ರಾನ್ಸ್‌ಫಾರ್ಮರಿನ ಹತ್ತಿರ... ಕೊನೆಗೆ ಟ್ರಾನ್ಸ್‌ಫಾರ್ಮರ್ ಒಂದೇ ಉಳಿಯಿತು. ಅಂಗಡಿಯಲ್ಲೂ ಅವರು ಬದಲಾಗಿದ್ದರು. ಕಾಲುನೋವಿಗೆ ಮೆತ್ತನೆಯ ಚಪ್ಪಲಿ ಕೇಳಿದವರನ್ನು, “ನಿಂತರೆ ಹೋಗ್ತದಾ ನೋವು?” ಎಂದು ವಿಚಾರಿಸಿ, ಹೌದು ಎಂದವರನ್ನು ಆಸ್ಪತ್ರೆಗೆ ಅಟ್ಟುತ್ತಿದ್ದರು. ಉಪ್ಪ ಗಿರಾಕಿ ಓಡಿಸ್ತಾರೆ ಎಂದು ಮಗ ಅಪ್ಪನ ಮೇಲೆ ಗೊಣಗುತ್ತಿದ್ದ.

ಕಾಲು ಉಳಿಯಿತು. ಕಾಲಿನ ನಾಳ ಕಿರಿದಾದವರಿಗೆ ಹೃದಯದ್ದೂ ಹಾಗೆಯೇ ಆಗಿರುವ ಸಂಭವ ಹೆಚ್ಚು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಒಂದು ಶುಕ್ರವಾರ ಅಂಗಡಿ ಬಾಗಿಲು ತೆರೆಯುವಾಗ ಕಾಕ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು.

ಸಂಜೆ ಮನೆಯ ಮುಂದೆ ಯಾರೋ ವ್ಯಾನ್ ತಂದು ನಿಲ್ಲಿಸಿದರು. ಮಸೀದಿ ಇರುವುದು ಅದೇ ರಸ್ತೆಯ ಆ ತುದಿಯಲ್ಲಿ.

“ಗಾಡಿ ಬೇಡ,” ಎಂದ ಮಗ. “ಉಪ್ಪ ಗಾಡಿ ಹತ್ತುದಿಲ್ಲ.”

ವ್ಯಾನ್ ಹಿಂದೆ ಸರಿಯಿತು. ಹೆಗಲಿನಿಂದ ಹೆಗಲಿಗೆ ಬದಲಾಗುತ್ತಾ ಅವರನ್ನು ಒಯ್ದರು. ನಾನು ಹಿಂದೆ ನಡೆದೆ. ಟ್ರಾನ್ಸ್‌ಫಾರ್ಮರಿನ ಹತ್ತಿರವೂ ನಿಲ್ಲಲಿಲ್ಲ...

ಹೊಸ ಚಪ್ಪಲಿ ತಂದದ್ದು ಅದೇ ಅಂಗಡಿಯಿಂದ. ಕಟ್ಟಿಕೊಡುವ ಮೊದಲು ಮಗ ಕೇಳಿದ: “ನಡೆಯುವಾಗ ನೋವು ಎಂತದೂ ಇಲ್ಲ ಅಲ್ವಾ?” ಇಲ್ಲ ಎಂದೆ. ಈಗಲೂ ಬೆಳಿಗ್ಗೆ ಆ ರಸ್ತೆಯಲ್ಲೇ ಕಚೇರಿಗೆ ಹೋಗುತ್ತೇನೆ. ಟ್ರಾನ್ಸ್‌ಫಾರ್ಮರ್ ಬಂದಾಗ ಸ್ಕೂಟರ್ ನಿಧಾನವಾಗುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲ.